ಮೆಡಿಕ್ಲೈಮ್ ಆಂಟಿಯ ಲವಂಗದ ಡಬ್ಬಿ

ಹತ್ತಿ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಸೊಂಟದಲ್ಲಿ, ಸೆರಗಿನ ಮರೆಗೆ, ನಿಂಬೆಹಣ್ಣಿನ ಗಾತ್ರದ ಒಂದು ಸ್ಟೀಲ್ ಡಬ್ಬಿ. ಡಬ್ಬಿಯ ತುಂಬ ಲವಂಗ. ಯಾರಾದರೂ ಇನ್ನೊಬ್ಬರ ಮನೆಯ ವಿಷಯ ಕೇಳಿದರೆ ಮುಚ್ಚಳ ಟಕ್ಕೆಂದು ತೆರೆಯುತ್ತಿತ್ತು, ಒಂದು ಲವಂಗ ಎಡದವಡೆಗೆ ಹೋಗುತ್ತಿತ್ತು. ಆಮೇಲೆ ಆ ವಿಷಯದ ಬಗ್ಗೆ ಅವರ ಬಾಯಿಂದ ಒಂದಕ್ಷರ ಹೊರಡಿಸಲು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ.

ನಮ್ಮ ಮಾರೇನಹಳ್ಳಿಯ ಬೀದಿಯಲ್ಲಿ ಎಲ್ಲರಿಗೂ ಅವರು ಮೆಡಿಕ್ಲೈಮ್ ಆಂಟಿ. ಆರೋಗ್ಯ ವಿಮೆಯ ಏಜೆಂಟು. ಗಂಡ ತೀರಿಕೊಂಡ ಮೇಲೆ ಶುರು ಮಾಡಿದ ಕೆಲಸವಂತೆ. ಹೆಗಲಿಗೊಂದು ರೆಕ್ಸಿನ್ ಚೀಲ ಹಾಕಿಕೊಂಡು ಹೆಗ್ಗನಹಳ್ಳಿಯಿಂದ ಉಲ್ಲಾಳದವರೆಗೆ ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ಬೂಟಿನಲ್ಲಿ, ಮನೆ ಮನೆ ಸುತ್ತುತ್ತಿದ್ದರು.

ನಾನು ಆಗ ಇಪ್ಪತ್ತನಾಲ್ಕರ ಹುಡುಗಿ. ರಾಜಾಜಿನಗರದ ಪ್ರೆಸ್ಸೊಂದರಲ್ಲಿದ್ದ ಕೆಲಸ ಬಿಟ್ಟು, ನಮ್ಮ ಮನೆಯ ತಾರಸಿ ಕೋಣೆಯಲ್ಲಿ ಸ್ವಂತಕ್ಕೆ ಸ್ಕ್ರೀನ್ ಪ್ರಿಂಟಿಂಗ್ ಶುರು ಮಾಡಿದ್ದೆ. ಮದುವೆ, ನಾಮಕರಣ, ಗೃಹಪ್ರವೇಶದ ಕಾರ್ಡುಗಳು. ಯಜಮಾನಿ ನಾನೇ, ಆಳೂ ನಾನೇ. ಆಂಟಿ ಮೊದಲ ಸಲ ಮೆಟ್ಟಿಲು ಹತ್ತಿ ಬಂದದ್ದು ವಿಸಿಟಿಂಗ್ ಕಾರ್ಡು ಮಾಡಿಸಲು. ಕೋಣೆಯನ್ನೊಮ್ಮೆ, ಬಣ್ಣ ಮೆತ್ತಿದ ನನ್ನ ಕೈಯನ್ನೊಮ್ಮೆ ನೋಡಿದರು.

"ಪ್ರೆಸ್ಸಲ್ಲಿದ್ದಾಗ ಹುಷಾರು ತಪ್ಪಿದ್ರೆ ಕಂಪನಿಯೋರು ನೋಡ್ಕೊತಿದ್ರು. ಈಗ ಯಾರು ನೋಡ್ತಾರೆ?"

"ನನಗೇನಾಗತ್ತೆ ಆಂಟಿ, ಈ ವಯಸ್ಸಲ್ಲಿ" ಎಂದು ನಕ್ಕೆ.

ಅವರೂ ನಕ್ಕರು. ಮುಂದಕ್ಕೆ ಒತ್ತಾಯ ಮಾಡಲಿಲ್ಲ. ಆದರೆ ಮುಂದಿನ ಗುರುವಾರ ಬಂದರು, ಅದರ ಮುಂದಿನ ಗುರುವಾರವೂ ಬಂದರು. ಕಾಫಿ ಕುಡಿದು, ಒಣಗಲು ಹಾಕಿದ ಕಾರ್ಡುಗಳನ್ನು ಎತ್ತಿ ಜೋಡಿಸಿಕೊಟ್ಟು, ಅವರೆಕಾಯಿ ಸೀಸನ್ನಿನಿಂದ ಹಿಡಿದು ಬಸ್ ಪಾಸಿನವರೆಗೆ ಎಲ್ಲ ಮಾತಾಡಿ, ವಿಮೆಯ ಸುದ್ದಿ ಒಂದನ್ನು ಬಿಟ್ಟು, ಎದ್ದು ಹೋಗುತ್ತಿದ್ದರು. "ಮಾರಕ್ಕೆ ಬಂದಿಲ್ಲ ಕಣೇ, ಕೂತ್ಕೊಳಕ್ಕೆ ಬಂದಿದೀನಿ" ಎನ್ನುವುದು ಅವರ ಮಾಮೂಲು ಮಾತು. ಅಮ್ಮನಿಗೆ ಮಾತ್ರ ಅವರ ಬೂಟಿನ ಸದ್ದು ಕೇಳಿದರೇ ಮುಖ ಗಂಟಾಗುತ್ತಿತ್ತು. ಶುಭಕಾರ್ಯದ ಪತ್ರಿಕೆ ಅಚ್ಚಾಗುವ ಮನೆಯೊಳಗೆ ಆಸ್ಪತ್ರೆಯ ಹೆಸರು ಹೊತ್ತವರು ಬರಬಾರದು ಎಂದು ಅವಳ ವಾದ.

ಅಮ್ಮನ ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ನನಗೆ ಏಳನೆಯ ವಯಸ್ಸಿನಿಂದ ಉಬ್ಬಸ. ಮೋಡ ಕವಿದರೆ, ಧೂಳು ಎದ್ದರೆ, ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ಹೆಚ್ಚಾದರೆ ಎದೆಯೊಳಗೆ ಸಿಳ್ಳೆ ಶುರು. ನಮ್ಮ ಮನೆಯಲ್ಲಿ ಅದನ್ನು ಉಬ್ಬಸ ಎಂದು ಕರೆಯುವಂತಿರಲಿಲ್ಲ, "ಸ್ವಲ್ಪ ಧೂಳಾಗಲ್ಲ" ಎನ್ನಬೇಕಿತ್ತು. ನನ್ನ ಇನ್‌ಹೇಲರ್ ಇರುತ್ತಿದ್ದದ್ದು ಬಣ್ಣದ ಡಬ್ಬಗಳ ಹಿಂದೆ, ಹಳೆಯ ಬಿಸ್ಕತ್ತಿನ ಟಿನ್ನಿನಲ್ಲಿ. ನೆಂಟರಿಗೂ ಗೊತ್ತಿರಲಿಲ್ಲ. ಹೆಣ್ಣುಮಗಳು, ಮದುವೆಯಾಗಬೇಕು, ಯಾರಾದರೂ ಕೇಳಿಸಿಕೊಂಡರೆ ಏನು ಗತಿ ಎಂದು ಅಮ್ಮ ಹದಿನೇಳು ವರ್ಷ ಆ ಟಿನ್ನನ್ನು ಕಾವಲು ಕಾದಿದ್ದಳು.

ಆ ವರ್ಷದ ಶ್ರಾವಣದಲ್ಲಿ, ಕಾರ್ಡುಗಳ ಭರಾಟೆಯ ನಡುವೆ, ಉಬ್ಬಸ ಹೆಚ್ಚಾಗಿ ಮೂರು ದಿನ ಮಲಗಿದೆ. ಸ್ಕ್ರೀನು ಹಾಗೇ ಒಣಗಿತು. ಎದ್ದ ಮೇಲೆ ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ನಾನು ನಿಂತರೆ ಎಲ್ಲವೂ ನಿಲ್ಲುತ್ತದೆ. ಗುರುವಾರ ಆಂಟಿ ಬಂದಾಗ ನಾನೇ ಕೇಳಿದೆ, "ಆ ಫಾರ್ಮ್ ಕೊಡಿ ಆಂಟಿ."

ಅವರು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಓದುತ್ತಾ ಹೋದರು. ನನ್ನ ಪರವಾಗಿ ಉತ್ತರ ಅಮ್ಮನದು. ಬಿಪಿ? ಇಲ್ಲ. ಸಕ್ಕರೆ? ಇಲ್ಲ. ಉಸಿರಾಟದ ತೊಂದರೆ? "ಇಲ್ಲವೇ ಇಲ್ಲ!"

ಆಂಟಿ ಪೆನ್ನು ಕೆಳಗಿಟ್ಟರು.

"ಅಮ್ಮಾ, ಫಾರ್ಮು ಹೆಣ್ಣು ನೋಡಕ್ಕೆ ಬಂದಿಲ್ಲ. ನಿಮ್ಮ ಮಗಳನ್ನ ಒಪ್ಪಿಸ್ಬೇಕಾಗಿಲ್ಲ ಅದಕ್ಕೆ. ನಿಜ ಹೇಳಿ ಸಾಕು. ಮೂರು ವಾರದಿಂದ ಇವಳ ಎದೆ ಸಿಳ್ಳೆ ಕೇಳ್ತಾನೇ ಇದೀನಿ ನಾನು."

ಅಮ್ಮನ ಮುಖ ಬಿಳಿಚಿತು. "ನೀವು ಹತ್ತು ಮನೆಗೆ ಹೋಗೋರು..."

"ಹೌದು, ಹೋಗ್ತೀನಿ. ನಿಮ್ಮ ಪಕ್ಕದ್ಮನೆಗೂ ಹೋಗ್ತೀನಿ. ಅವ್ರಿಗೇನು ಕಾಯಿಲೆ ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ" ಎಂದಳು ಅಮ್ಮ. ಮರುಗಳಿಗೆಯೇ ಮುಂದಕ್ಕೆ ಬಾಗಿ, "ಏನು ಕಾಯಿಲೆ?"

ಟಕ್. ಡಬ್ಬಿ ತೆರೆಯಿತು, ಲವಂಗ ಬಾಯಿಗೆ ಬಿತ್ತು. ಆಂಟಿ ಕಣ್ಣಲ್ಲೇ ನಗುತ್ತಾ ಅಮ್ಮನನ್ನು ನೋಡುತ್ತಾ ಕುಳಿತರು. ನನಗೆ ನಗು ತಡೆಯಲಾಗಲಿಲ್ಲ. ನಾನೇ ಪೆನ್ನು ತೆಗೆದುಕೊಂಡೆ.

"ಉಬ್ಬಸ ಅಂತ ಬರಿ. ಎಷ್ಟು ವರ್ಷದಿಂದ ಅಂತಾನೂ ಬರಿ. ದಪ್ಪಕ್ಷರದಲ್ಲಿ" ಎಂದರು ಆಂಟಿ. ಅದಕ್ಕೆ ಮಾತ್ರ ಲವಂಗ ಅಡ್ಡ ಬರಲಿಲ್ಲ. ಉಬ್ಬಸದ ಖರ್ಚು ಮೊದಲ ನಾಲ್ಕು ವರ್ಷ ಕಂಪನಿ ಕೊಡುವುದಿಲ್ಲ, ಬೇರೆ ಏನಾದರೂ ಆದರೆ ಕೊಡುತ್ತದೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ಯಾವುದಕ್ಕೂ ಕೊಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಅಮ್ಮ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು.

ಮರುವರ್ಷ ಉಲ್ಲಾಳದಿಂದ ಒಂದು ಸಂಬಂಧ ಬಂತು. ಹೊಲವೆಲ್ಲ ಲೇಔಟ್ ಆಗಿ ಹೋದ ಹಳೇ ಮನೆತನ. ಹುಡುಗ ಪಂಪ್‌ಸೆಟ್ ಮೋಟಾರು ರಿಪೇರಿಯ ಸ್ವಂತ ಅಂಗಡಿ ಇಟ್ಟಿದ್ದ. ನೋಡಿ ಹೋದರು, ಒಪ್ಪಿದರು. ನನಗೂ ಹುಡುಗ ಹಿಡಿಸಿದ್ದ. ಮಿತಭಾಷಿ, ಆದರೆ ನಾನು ಮಾತಾಡುವಾಗ ಮುಖ ಓರೆ ಮಾಡಿಕೊಂಡು ಪ್ರತಿ ಮಾತನ್ನೂ ಗಮನವಿಟ್ಟು ಕೇಳಿದ್ದ. ಆ ಮನೆಯವರೂ ಆಂಟಿಯ ಹತ್ತಿರವೇ ಪಾಲಿಸಿ ಮಾಡಿಸಿದ್ದಾರೆ ಎಂದು ಗೊತ್ತಾದಾಗ ಅಮ್ಮ ಬಿಡುತ್ತಾಳೆಯೇ?

"ಹುಡುಗ ಹೇಗೆ?" ಎಂದು ಕೇಳಿದಳು.

"ಒಳ್ಳೇ ಮನೆ" ಎಂದು ಹೇಳಿ ಆಂಟಿ ಲವಂಗ ಹಾಕಿಕೊಂಡರು.

ಆ ವಾರ ಪೂರ್ತಿ ಅಮ್ಮನದು ಒಂದೇ ಚಿಂತೆ. "ಲವಂಗ ಯಾಕೆ ಹಾಕ್ಕೊಂಡ್ರು ಅವ್ರು? ಸುಮ್ನೆ ಹಾಕ್ಕೊಂಡ್ರಾ?"

ಹುಡುಗನ ಕಡೆಯವರು ನಿಶ್ಚಿತಾರ್ಥದ ದಿನ ಗೊತ್ತು ಮಾಡಲು ಬರಬೇಕಿದ್ದ ಭಾನುವಾರ ಬೆಳಿಗ್ಗೆ ನನಗೆ ತಡೆಯಲಾರದ ಹೊಟ್ಟೆನೋವು. ವಿಜಯನಗರದ ಒಂದು ನರ್ಸಿಂಗ್ ಹೋಮಿಗೆ ಆಟೋದಲ್ಲಿ ಕರೆದೊಯ್ದರು. ಅಪೆಂಡಿಕ್ಸ್, ಇವತ್ತೇ ಆಪರೇಷನ್ ಎಂದರು ಡಾಕ್ಟರು. ಕಾಗದಪತ್ರ ಮಾಡಿಸಲು ಆಂಟಿ ಬೂಟು ಟಪಟಪ ಮಾಡಿಕೊಂಡು ಓಡಿ ಬಂದರು. ಸ್ವಲ್ಪ ಹೊತ್ತಿಗೆ ಹುಡುಗ ಮತ್ತು ಅವನ ತಾಯಿಯೂ ಬಂದರು. ನಮ್ಮ ಮನೆಗೆ ಬೀಗ ಹಾಕಿದ್ದನ್ನು ಕಂಡು, ಪಕ್ಕದವರನ್ನು ಕೇಳಿಕೊಂಡು, ನಿಶ್ಚಯಕ್ಕೆಂದು ತಂದ ಹೂವುಹಣ್ಣಿನ ತಟ್ಟೆಯನ್ನು ಹಿಡಿದುಕೊಂಡೇ ಬಂದಿದ್ದರು.

ಅದೇ ಹೊತ್ತಿಗೆ ಅರಿವಳಿಕೆ ಕೊಡುವ ಡಾಕ್ಟರು ಒಳಗೆ ಬರಬೇಕೇ! ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. "ಮೊದಲಿಂದ ಏನಾದ್ರೂ ತೊಂದರೆ ಇದೆಯಾ? ಆಸ್ತಮಾ, ಫಿಟ್ಸ್, ಹಾರ್ಟಿಂದು?"

"ಏನೂ ಇಲ್ಲ ಡಾಕ್ಟ್ರೇ! ಗುಂಡುಕಲ್ಲಿನ ಹಾಗಿದಾಳೆ" ಎಂದುಬಿಟ್ಟಳು ಅಮ್ಮ.

ಡಾಕ್ಟರ ಪೆನ್ನು ಹಾಳೆಯ ಮೇಲೆ ಇಳಿಯುತ್ತಿತ್ತು. ಹುಡುಗನ ತಾಯಿ ತಟ್ಟೆ ಹಿಡಿದು ನಿಂತಿದ್ದರು. ಹೇಳದಿದ್ದರೆ ಮೇಜಿನ ಮೇಲೆ ಏನಾಗುತ್ತದೋ, ಹೇಳಿದರೆ ಆ ತಟ್ಟೆ ಬಂದ ದಾರಿಯಲ್ಲೇ ವಾಪಸ್ಸು. ನಾನು ಆಂಟಿಯ ಕಡೆ ನೋಡಿದೆ. ನನ್ನ ಬದಲು ಅವರು ಹೇಳಲಿ ಎಂದು ಆಸೆಪಟ್ಟೆ, ಸುಳ್ಳೇಕೆ ಹೇಳಲಿ. ಅವರು ಬಾಯೊಳಗಿನ ಲವಂಗವನ್ನು ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡರು. ನನ್ನ ಮಂಚದ ಹತ್ತಿರ ಬಂದರು.

"ಡಾಕ್ಟ್ರು ಕೇಳ್ತಿರೋದು ನಿಮ್ಮಮ್ಮನ ಉಸಿರಲ್ಲ ಕಣೇ. ನಿಂದು. ನೀನೇ ಹೇಳು."

ಅಷ್ಟೇ ಅವರು ಹೇಳಿದ್ದು. ಕಾಯಿಲೆಯ ಹೆಸರನ್ನು ಆಗಲೂ ಎತ್ತಲಿಲ್ಲ.

"ಉಬ್ಬಸ ಇದೆ ಡಾಕ್ಟ್ರೇ. ಏಳು ವರ್ಷದವಳಿದ್ದಾಗಿಂದ" ಎಂದೆ.

ಡಾಕ್ಟರು ಅಮ್ಮನಿಗೆ ಚೆನ್ನಾಗಿ ಬೈದು, ಬರೆದದ್ದನ್ನು ಹೊಡೆದುಹಾಕಿ, ನರ್ಸಿಗೆ ಏನೇನೋ ಔಷಧಿ ತರಲು ಹೇಳಿ ಹೋದರು. ಹುಡುಗನ ತಾಯಿ ತಟ್ಟೆಯಲ್ಲಿದ್ದ ಕಿತ್ತಳೆಗಳನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡುತ್ತಿದ್ದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆಗ ಹುಡುಗ ಮಂಚ ಸುತ್ತಿಕೊಂಡು ನನ್ನ ಇನ್ನೊಂದು ಪಕ್ಕಕ್ಕೆ ಬಂದ.

"ನನಗೆ ಎಡಗಿವಿ ಕೇಳಿಸಲ್ಲ. ಚಿಕ್ಕೋನಿದ್ದಾಗ ಜ್ವರ ಬಂದು ಹೋಯ್ತು. ನಿಮಗೆ ಹೇಳ್ಬೇಕು ಅಂತಾನೇ ಇದ್ದೆ."

"ಏಯ್!" ಎಂದರು ಅವನ ತಾಯಿ.

ಅಮ್ಮ ಸೆರಗು ಬಿಟ್ಟು ಆಂಟಿಯತ್ತ ತಿರುಗಿದಳು. "ನಿಮಗೆ ಗೊತ್ತಿತ್ತಾ? ಎರಡೂ ಗೊತ್ತಿತ್ತಾ?"

ಟಕ್. ಹೊಸ ಲವಂಗ.

ಆ ನೋವಿನಲ್ಲೂ ನಾನು ನಕ್ಕೆ. ನಕ್ಕರೆ ಹೊಟ್ಟೆ ಇನ್ನೂ ನೋಯುತ್ತಿತ್ತು. ಹುಡುಗನ ತಾಯಿ ನಿಟ್ಟುಸಿರು ಬಿಟ್ಟು ತಟ್ಟೆಯನ್ನು ನನ್ನ ಕಾಲ ಬಳಿ ಮಂಚದ ಮೇಲೆ ಇಟ್ಟರು. ಅದು ವಾಪಸ್ಸು ಹೋಗಲಿಲ್ಲ.

ಆಪರೇಷನ್ ಸಲೀಸಾಗಿ ಮುಗಿಯಿತು. ಆಸ್ಪತ್ರೆಯ ಹಾಳೆಯಲ್ಲಿ ಬಾಲ್ಯದಿಂದ ಉಬ್ಬಸ ಎಂದಿದ್ದದ್ದನ್ನು ಕಂಡು ವಿಮೆ ಕಂಪನಿಯವರು ನನ್ನ ಹಳೆಯ ಫಾರ್ಮನ್ನು ತೆಗೆದು ನೋಡಿದರಂತೆ. ಅಲ್ಲೂ ಅದೇ ಇತ್ತು. ಮರುಮಾತಿಲ್ಲದೆ ಕ್ಲೈಮ್ ಒಪ್ಪಿದರು. ಆ ಸುದ್ದಿ ತಂದ ದಿನ ಆಂಟಿ ಫಾರ್ಮಿನ ನಕಲನ್ನು ಅಮ್ಮನ ಮುಂದೆ ಬಿಡಿಸಿಟ್ಟು, ನಾನು ದಪ್ಪಗೆ ಬರೆದ ಸಾಲಿನ ಮೇಲೆ ಬೆರಳಿಟ್ಟರು. ಅಮ್ಮ ಎದ್ದು ಹೋಗಿ ಅವರಿಗೆ ಕಾಫಿ ತಂದುಕೊಟ್ಟಳು. ಕೇಳದೆ ಕೊಟ್ಟ ಮೊದಲ ಕಾಫಿ ಅದು. ನನ್ನ ಮದುವೆಯ ಕಾರ್ಡನ್ನು ನಾನೇ ಅಚ್ಚು ಹಾಕಿದೆ. ಬಿಸ್ಕತ್ತಿನ ಟಿನ್ನು ಉಲ್ಲಾಳದ ಮನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಟಿವಿಯ ಪಕ್ಕ ಕೂತಿತು. ನನ್ನ ಗಂಡ ಇವತ್ತಿಗೂ ನನ್ನ ಎಡಕ್ಕೇ ಕೂರುತ್ತಾನೆ, ಜಗಳ ಬಂದಾಗ ಮಾತ್ರ ಸದ್ದಿಲ್ಲದೆ ಬಲಕ್ಕೆ ಬರುತ್ತಾನೆ.

ಆಂಟಿ ತೀರಿಕೊಂಡದ್ದು ಮಾಗಡಿ ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ಹನ್ನೊಂದನೆಯ ದಿನದ ಊಟಕ್ಕೆ ಶಾಮಿಯಾನ ಸಾಲಲಿಲ್ಲ. ಗಾರೆ ಕೆಲಸದವರು, ಟೈಲರ್‌ಗಳು, ಟ್ಯೂಷನ್ ಮೇಡಮ್ಮುಗಳು, ಆಟೋದವರು, ರಾಯಚೂರಿನಿಂದ ಬಂದು ಬಾಡಿಗೆಗಿದ್ದ ಹುಡುಗರು. ಪಂಕ್ತಿಯಲ್ಲಿ ಕೂತು ನೋಡಿದೆ. ಮನೆಯಲ್ಲೂ ಹೇಳಿಕೊಳ್ಳದ ಏನನ್ನೋ ಇವರೆಲ್ಲ ಅವರ ಹತ್ತಿರ ಹೇಳಿಕೊಂಡವರು. ಪಕ್ಕದ ಎಲೆಯವರದು ಏನೆಂದು ಒಬ್ಬರಿಗೂ ಗೊತ್ತಿಲ್ಲ. ನನಗೆ ದುಃಖವಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಊಟವಾದ ಮೇಲೆ ಅವರ ಮಗ ಎಲೆಅಡಿಕೆಯ ತಟ್ಟೆಯ ಪಕ್ಕ ಆ ಸ್ಟೀಲ್ ಡಬ್ಬಿಯನ್ನು ತೆರೆದಿಟ್ಟಿದ್ದ. ಅಮ್ಮ ಒಂದು ಲವಂಗ ತೆಗೆದು ಎಡದವಡೆಗೆ ಇಟ್ಟುಕೊಂಡಳು.

ಈಚೆಗೆ ನನ್ನ ಮಗಳ ಹೆಸರನ್ನು ಪಾಲಿಸಿಗೆ ಸೇರಿಸಲು ಕೂತಿದ್ದೆ. ಅವಳಿಗೂ ಏಳು. ಹೋದ ಚಳಿಗಾಲದಿಂದ ಅವಳ ಎದೆಯಲ್ಲೂ ಅದೇ ಸಿಳ್ಳೆ. ಆ ಪ್ರಶ್ನೆ ಬಂದ ಕಡೆ ನನ್ನ ಕೈ ನಿಂತಿತು. ಇನ್ನೂ ಮಗು, ದೊಡ್ಡವಳಾದ ಮೇಲೆ ಹೋಗಲೂಬಹುದು, ಈಗಲೇ ಯಾಕೆ ಅವಳ ಹೆಸರಿನ ಮುಂದೆ ಅದನ್ನು ಬರೆಯಬೇಕು ಎನ್ನಿಸಿತು. ನಾನು, ಇಷ್ಟೆಲ್ಲ ಕಂಡವಳು, ಹಾಗೆ ಅಂದುಕೊಂಡೆ.

ನನ್ನ ಬೆನ್ನ ಹಿಂದೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಮ್ಮ ನನ್ನ ಪೆನ್ನು ನಿಂತದ್ದನ್ನು ನೋಡಿದ್ದಳು.

"ಬರಿಯೇ" ಎಂದಳು. "ದಪ್ಪಕ್ಷರದಲ್ಲಿ ಬರಿ."