ಗೊನೆ ಹೊತ್ತ ಫೋನು

ಕಮಲಾಪುರದ ಗಂಗೋತ್ರಿ ಒಮ್ಮೆ ಒಲ್ಲೆ ಅಂದಳೆಂದರೆ ಮುಗಿಯಿತು, ಆನೆ ಕಟ್ಟಿ ಎಳೆದರೂ ಅಲುಗುವವಳಲ್ಲ. ಡಿಪ್ಲೊಮಾ ಓದುವಾಗ ಲ್ಯಾಬಿನ ಮೂಲೆಯ ಮುದಿ ಕಂಪ್ಯೂಟರ್ ಅವಳ ಪಾಲಿಗೆ ಬಂದಿತ್ತು. "ಅದು ಏಳೋದ್ರೊಳಗ ಪರೀಕ್ಷಿ ಮುಗಿತೈತಿ" ಎಂದು ಗೆಳತಿಯರು ನಗುತ್ತಿದ್ದರು. ಅವಳು ಅದನ್ನು ಬಿಡಲಿಲ್ಲ. ಅದರಲ್ಲೇ ಕಲಿತಳು, ಅದರಲ್ಲೇ ಪಾಸಾದಳು.

ಈಗ ಹೊಸಪೇಟೆಯಲ್ಲಿ, ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಕಚೇರಿಯಲ್ಲಿ ಅವಳು ಪ್ರೋಗ್ರಾಮರ್. ಅಲ್ಲಿ ಮಾಡಿದ ಆಪ್‌ನ ಹೆಸರು ಪಾಳಿಗಂಟೆ. ಕಾಲುವೆಯಲ್ಲಿ ಯಾವ ಊರಿನ ನೀರಿನ ಪಾಳಿ ಬಂತೋ ಆ ಊರಿನವರ ಫೋನಿನಲ್ಲಿ ಗಂಟೆ ಬಾರಿಸುವುದು ಅದರ ಕೆಲಸ.

ಒಂದು ಸೋಮವಾರ ಮಾಲೀಕ ವೆಂಕಟೇಶ್ ಬೋರ್ಡಿನ ಮೇಲೆ ಅಡ್ಡಗೆರೆ ಎಳೆದರು. ಗೆರೆಯ ಮೇಲೆ ಹೊಸ ಆಂಡ್ರಾಯ್ಡ್‌ಗಳು, ಕೆಳಗೆ ಹಳೆಯವು.

"ಕೆಳಗಿನವಕ್ಕ ಇನ್ನು ಸಪೋರ್ಟ್ ಬ್ಯಾಡ. ಕಾಲುವಿ ದಾರಿ ತೋರ್ಸೋ ನಮ್ಮ ಹೊಸ ನಕಾಶಿ ಅವುಗಳ ಮ್ಯಾಲೆ ಓಡಂಗಿಲ್ಲ."

"ನೂರಕ್ಕ ನಾಕು ಫೋನ್ ಸರ್, ಅಷ್ಟ" ಎಂದ ಜೊತೆಗಾರ ವಿಜಯಕುಮಾರ್. "ಅವನ್ನ ಹೊತ್ಕೊಂಡು ಆರು ತಿಂಗಳಿಂದ ಒದ್ದಾಡಾಕತ್ತೀವಿ. ಗಂಗಕ್ಕಾ, ಒಂದು ಅಂಕಿ ತಿದ್ದು, ಜಲ್ದಿ ಮುಗೀತೈತಿ."

ತಿದ್ದಬೇಕಾದ್ದು ನಿಜಕ್ಕೂ ಒಂದೇ ಅಂಕಿ, ಆಪ್ ಎಷ್ಟು ಹಳೆಯ ಆಂಡ್ರಾಯ್ಡ್‌ವರೆಗೆ ಓಡಬೇಕು ಎಂದು ಹೇಳುವ ಅಂಕಿ. ಆ ಫೈಲು ಗಂಗೋತ್ರಿಯ ಕೈಯಲ್ಲಿತ್ತು.

"ತಿದ್ದಂಗಿಲ್ಲ."

"ಯಾಕವಾ?" ಎಂದರು ವೆಂಕಟೇಶ್.

ಹಳೆಯ ಫೋನುಗಳ ಈ ಜಗಳ ಕಚೇರಿಯಲ್ಲಿ ಹಿಂದಿನ ವಾರವೇ ಶುರುವಾಗಿತ್ತು. ಅದನ್ನೆಲ್ಲ ಅವಳು ಆಗಲೇ ತಾಯಿ ಗಾಳೆಮ್ಮನ ಮುಂದೆ ಹೇಳಿದ್ದಳು. ಗಾಳೆಮ್ಮ ಮೂವತ್ತು ವರ್ಷ ಬಾಳೆ ತೋಟಗಳಲ್ಲಿ ದುಡಿದವಳು, ಭಾರಕ್ಕೆ ಬಾಗಿದ ಗಿಡಗಳಿಗೆ ಕೋಲು ಕೊಟ್ಟು ನಿಲ್ಲಿಸಿದವಳು. ಸಪೋರ್ಟ್ ಅಂದರೆ ಆಸರೆ ಎಂದು ತಿಳಿದ ಕೂಡಲೇ ನಕ್ಕುಬಿಟ್ಟಿದ್ದಳು. "ಇದಕ್ಕ ಇಷ್ಟು ಓದಬೇಕೇನಬೇ? ಕೋಲು ಕೊಡೋದು ಗೊನಿ ಹೊತ್ತ ಗಿಡಕ್ಕ. ಮರಿಗಿಡ ಹೊಸದೈತಿ, ಚಂದ ಐತಿ ಅಂತ ಅದಕ್ಕ ಯಾರರ ಕೋಲು ಕೊಡ್ತಾರೇನ?"

ಅದನ್ನೇ ಗಂಗೋತ್ರಿ ಬೋರ್ಡಿನ ಮುಂದೆ ನಿಂತು ಹೇಳಿದಳು.

ವಿಜಯಕುಮಾರ್ ಕಿಸಕ್ಕನೆ ನಕ್ಕ. "ಆ ನಾಕು ಫೋನ್ ಹೊತ್ತಿರೋ ಗೊನಿ ಯಾವ್ದು, ತೋರ್ಸು ನೋಡೋಣು."

"ತಿದ್ದಲಿಲ್ಲಂದ್ರ ಫೈಲ್ ವಿಜಯಗ ಕೊಡತೀನಿ. ನಿನ್ನ ಕೆಲಸದ ವಿಚಾರಾನೂ ಆಮ್ಯಾಲೆ ನೋಡೋಣು," ವೆಂಕಟೇಶ್ ದನಿ ಏರಿಸಿದರು.

"ಕೊಡ್ರಿ. ಆದ್ರ ಮೊದ್ಲು ಮೆಟ್ರಿ ಹೊನ್ನೂರಪ್ಪಗ ನೀವ ಈ ಮಾತು ಹೇಳ್ರಿ."

ಅವಳೇ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಮೇಜಿನ ನಡುವೆ ಇಟ್ಟಳು. ಹೊನ್ನೂರಪ್ಪ ಮೆಟ್ರಿ ಊರಿನ ನೀರಗಂಟಿ, ಕಾಲುವೆಯ ತೂಬು ಎತ್ತಿ ಹೊಲಗಳಿಗೆ ನೀರು ತಿರುಗಿಸುವವನು.

ವೆಂಕಟೇಶ್ ಕೆಮ್ಮಿದರು. "ನಿಮ್ಮ ಫೋನ್ ಹಳೇದಾತಲ್ರಿ. ಹೊಸದು ತಗೋಬಾರದಾ?"

"ಇದ ಹೊಸದ್ರಿ ನನಗ! ಗೌಡ್ರು ಬ್ಯಾರೇದು ತಗೊಂಡು ಇದನ್ನ ನನಗ ಕೊಟ್ರು."

"ಗೌಡ್ರ ಫೋನಾಗ ಗಂಟಿ ಹೊಡಿತೈತಲ್ಲ?"

"ಹೊಡಿತೈತ್ರಿ. ಗಂಟಿ ಕೇಳಿ ಅವರೇನು ತೂಬು ಎತ್ತಾಕ ಬರ್ತಾರೇನು? ಎತ್ತೋನು ನಾನು. ಕೆಳಗ ಮೂವತ್ತಾರು ಹೊಲ ಅದಾವು. ನನಗ ಕೇಳ್ಲಿಲ್ಲಂದ್ರ ಪಾಳಿ ದಾಟಿ ನೀರು ಮುಂದಕ ಹೋತು, ಭತ್ತ ಬಾಯಿ ಬಿಡತೈತಿ."

ವಿಜಯಕುಮಾರ್ ಬಗ್ಗಿ ಕೇಳಿದ: "ಹೊಸಾ ನಕಾಶಿ ಬರಾಕತ್ತೈತ್ರಿ, ಮಸ್ತ್ ಐತಿ. ನಿಮಗ ಬ್ಯಾಡೇನು?"

"ನಕಾಶಿ ಯಾಕಪಾ? ನನ್ನ ಕಾಲುವಿ ಮ್ಯಾಲೆ ನಾನ ದಾರಿ ತಪ್ಪತೀನೇನು?"

ಎಲ್ಲರಿಗಿಂತ ಜೋರಾಗಿ ನಕ್ಕವನು ವಿಜಯಕುಮಾರನೇ. ಗಂಗೋತ್ರಿ ಬೋರ್ಡಿನ ಮೇಲಿನ ಗೆರೆಯನ್ನು ಅಂಗೈಯಿಂದ ಒರೆಸಿ, ಒಂದು ಫೋನ್, ಮೂವತ್ತಾರು ಹೊಲ ಎಂದು ಬರೆದಳು. ಹೊಸ ಫೋನಿಗೆ ನಕಾಶೆ, ಹಳೆಯದಕ್ಕೆ ಬರೀ ಗಂಟೆ. ಎರಡನ್ನೂ ನಡೆಸಿಕೊಂಡು ಹೋಗುವ ಕೆಲಸ ತನ್ನದು ಎಂದಳು.

ವೆಂಕಟೇಶ್ ಸೋತ ದನಿಯಲ್ಲಿ ಕೇಳಿದರು: "ಎಷ್ಟು ದಿನಾಂತ ಹೊರ್ತೀಯವಾ? ಒಂದು ತಾರೀಖಾದ್ರೂ ಹೇಳು."

"ತಾರೀಖು ಇಲ್ರಿ. ಗೊನಿ ಇಳಿಯೋ ತನಕ ಕೋಲು ತೆಗೆಯಂಗಿಲ್ಲ."

ಆ ಅಂಕಿ ಇವತ್ತಿಗೂ ಹಾಗೇ ಇದೆ. ಅದನ್ನು ಮುಟ್ಟಬೇಕೆನ್ನುವವರು ಮೊದಲು ಮೆಟ್ರಿಗೆ ಫೋನ್ ಹಚ್ಚಬೇಕು.