ಟಿಯೋ ಮೇಡಂ ಅವರ ಸೌಟುಗಳು

ಮಲೇಷ್ಯಾದ ಪಿನಾಂಗಿನ ನಮ್ಮ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪ್ರಾಂಶುಪಾಲರಿಗೆ ಹೆದರದವರೂ ಹಾಸ್ಟೆಲಿನ ಮೇಲ್ವಿಚಾರಕಿ ಟಿಯೋ ಮೇಡಂ ಅವರಿಗೆ ಹೆದರುತ್ತಿದ್ದರು. ಮಲಯರು, ಚೀನೀಯರು, ತಮಿಳರು, ಬೋರ್ನಿಯೋ ದ್ವೀಪದಿಂದ ಬಂದ ಇಬಾನರು ಎಲ್ಲರಿಗೂ ಒಂದೇ ಅಡುಗೆಮನೆ. ಮಡಿಮೈಲಿಗೆಯೆಲ್ಲ ಅಲ್ಲಿಯ ಸೌಟುಗಳದು. ಹಳದಿ ದಾರದ್ದು ತರಕಾರಿಗೆ, ಕೆಂಪಿನದು ದನದ ಮಾಂಸಕ್ಕೆ, ಹಸಿರಿನದು ಉಳಿದದ್ದಕ್ಕೆ. ಹಳದಿ ಸೌಟು ಕೋಳಿಸಾರಿನ ಕಡೆ ವಾಲಿದರೂ ಸಾಕು, ಮೇಡಂ ಮಹಡಿಯಿಂದಲೇ ಮೂಸಿ ಇಳಿದು ಬರುವರು. "ಏನಪ್ಪಾ ಜುಗಾ, ತರಕಾರಿ ಬಿಟ್ಟು ಬೇರೇನೂ ಮುಟ್ಟದ ಶಾಂತಿ ಇವತ್ತು ಉಪವಾಸ ಬಿದ್ರೆ ನೀನು ತುತ್ತು ತಿನ್ನಿಸ್ತೀಯಾ?" "ಅವಳು ಒಪ್ಪಿದ್ರೆ ತಿನ್ನಿಸ್ತೀನಿ ಮೇಡಂ" ಎಂದು ತಲೆ ತಗ್ಗಿಸಿಯೇ ನುಡಿದ ಆ ಇಬಾನ್ ವಿದ್ಯಾರ್ಥಿ ವಾರವಿಡೀ ಪಾತ್ರೆ ಉಜ್ಜಿದನು. ರಂಜಾನಿನಲ್ಲಿ ಮಲಯ ಮಕ್ಕಳ ಎದುರು ತಿನ್ನಲಾರದೆ ಮೇಡಂ ಮೆಟ್ಟಿಲ ಕೆಳಗೆ ಬಚ್ಚಿಟ್ಟುಕೊಂಡು ನೂಡಲ್ಸ್ ಉಣ್ಣುವರು. ಸುರ್ರೆನ್ನುವ ಸದ್ದು ಮಾತ್ರ ಇಡೀ ಹಾಸ್ಟೆಲಿಗೆ ಕೇಳುತ್ತಿತ್ತು. ಅವರ ಒಬ್ಬಳೇ ಮಗಳು ಮಲಯನೊಬ್ಬನನ್ನು ಮದುವೆಯಾಗಿ ಮುಸ್ಲಿಮಳಾಗಿದ್ದಳು. ಹಂದಿಮಾಂಸ ಬೆಂದ ಪಾತ್ರೆಯ ಅಡುಗೆಯನ್ನು ಅವಳು ಮುಟ್ಟುವಂತಿರಲಿಲ್ಲ. ಆಮೇಲೆ ತವರಿಗೆ ಬಂದಾಗಲೆಲ್ಲ ಬರೀ ನೀರು ಕುಡಿದು ಹೋಗುತ್ತಿದ್ದಳು. ಒಂದು ಚೀನೀ ಹೊಸವರ್ಷದಂದು ಅವರ ಮನೆಗೆ ನನಗೂ ಕರೆಯಿತ್ತು. ಅತ್ತೆಯ ಕಾಲದ ಕಬ್ಬಿಣದ ಬಾಣಲೆಯನ್ನು ಮೇಡಂ ಯಾರಿಗೋ ಕೊಟ್ಟುಬಿಟ್ಟಿದ್ದರು. ಒಲೆಯ ಮೇಲೆ ಹೊಸದೊಂದಿತ್ತು. ಅಂಗಡಿಯ ಚೀಟಿಯನ್ನು ಹಿಡಿಯಿಂದ ಕಿತ್ತಿರಲಿಲ್ಲ. ಮಗಳು ಅದನ್ನೇ ನೋಡುತ್ತ ನಿಂತಳು. ಮೇಡಂ ಮೀನು ಮಗುಚುತ್ತಿದ್ದರು. "ಹಸಿವಾಗ್ತಿದೆ ಅಮ್ಮಾ, ಎಷ್ಟೊತ್ತು ಮಾಡ್ತೀಯ?" ಎಂದು ಮಗಳು ತಟ್ಟೆ ಹಿಡಿದು ಕುಳಿತಳು.