ಪ್ರಿಂಟರಿಗೆ ಹುಚ್ಚು ಹಿಡಿದ ದಿನ

ತುಮಕೂರಿನ ನಮ್ಮ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗಕ್ಕೆ ಪ್ರಿಂಟರಿನ ಸಮೇತ ಹೊಸ ಕಂಪ್ಯೂಟರು ಬಂದಾಗ ನಾನು ಗುಬ್ಬಿಯಿಂದ ರೈಲಿನಲ್ಲಿ ಬಂದುಹೋಗುತ್ತಿದ್ದ ತಾತ್ಕಾಲಿಕ ಟೈಪಿಸ್ಟು. ತಪ್ಪಿಗೆಂದು ಒಂದು ಮೆಮೊ ಬಿದ್ದರೆ ಮುಗಿಯಿತು, ಕೆಲಸ ಮುಂದುವರಿಸುವ ಆರ್ಡರ್ ಬರುತ್ತಿರಲಿಲ್ಲ. ಹಾಗಾಗಿ ಆ ಯಂತ್ರದ ಹತ್ತಿರವೂ ಸುಳಿಯುತ್ತಿರಲಿಲ್ಲ.

ನಮ್ಮ ಸೂಪರಿಂಟೆಂಡೆಂಟರೋ, ಅದಕ್ಕೆ ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದು ಕೂತಿದ್ದರು. ಒಳಗೆ ಹೋದರೆ ಚಪ್ಪಲಿ ಬಿಡಬೇಕು, ಏನನ್ನೂ ಮುಟ್ಟಬಾರದು. ದೇವರಾಯನದುರ್ಗದ ಗುಡಿಯಲ್ಲೂ ಇಷ್ಟು ಮಡಿ ಇರಲಿಲ್ಲ ಕಣ್ರೀ! ದರ್ಶನ ಮಾಡಿದರೆ ವಿದ್ಯೆ ಬರುತ್ತದೆಯೇ?

ಆಮೇಲೆ ಬಂದರು ನೋಡಿ, ಕುಣಿಗಲ್ ಕಡೆಯ ಹೊಸ ಉಪಕುಲಸಚಿವರು. ಬೀಗ ತೆಗೆಸಿದರು, ಬಟ್ಟೆ ಕಿತ್ತು ಬಿಸಾಕಿದರು. "ಒತ್ತಿ ನೋಡ್ರಮ್ಮ, ಕಚ್ಚಲ್ಲ ಬುಡಿ. ತಪ್ಪಾದ್ರೆ ಕೂಗಿ, ಎಲ್ರೂ ಬಂದು ನೋಡನ" ಎಂದರು.

ಒಂದು ಮಧ್ಯಾಹ್ನ ಒತ್ತಿಯೇಬಿಟ್ಟೆ. ಒಬ್ಬ ಹುಡುಗಿಯ ಅಂಕಪಟ್ಟಿ ತೆಗೆಯಲು ಹೋಗಿ ಇಡೀ ಕಾಲೇಜಿನದ್ದನ್ನು ಕೇಳಿದ್ದೆ! ಪ್ರಿಂಟರು ಕಿರ್ರೋ ಎಂದು ಕಿರುಚುತ್ತಾ ವಿಶ್ವವಿದ್ಯಾನಿಲಯದ ಮುದ್ರೆಯಿದ್ದ, ಒಂದೊಂದಕ್ಕೂ ಲೆಕ್ಕ ಕೊಡಬೇಕಾದ ಹಾಳೆಗಳನ್ನು ಉಗುಳತೊಡಗಿತು. ಎಳೆದಷ್ಟೂ ಬರುತ್ತಿತ್ತು. "ಅಯ್ಯೋ ಸಾರ್!" ಎಂದು ಕೂಗಿದೆ.

ಸೂಪರಿಂಟೆಂಡೆಂಟರು ಓಡಿಬಂದರು. "ಅಂಕಪಟ್ಟಿ ಹಾಳೆ ಅಂದ್ರೆ ಏನಂದ್ಕೊಂಡಿದೀಯಮ್ಮ? ಇರು, ಮೆಮೊ ಬರೀತೀನಿ!" ಪೆನ್ನು ತೆಗೆದೇಬಿಟ್ಟರು. ಹೋಯಿತು ಕೆಲಸ ಎಂದುಕೊಂಡೆ.

ಹಿಂದೆಯೇ ಬಂದ ಉಪಕುಲಸಚಿವರು ಹಾಳೆಯೊಂದನ್ನು ಎತ್ತಿ ನೋಡಿದರು. "ಮೊನ್ನೆ ನಾನೂ ಇದನ್ನೇ ಮಾಡ್ದೆ. ಇನ್ಯಾರ್ ಮಾಡಿದೀರಿ, ಕೈ ಎತ್ತಿ. ಎಲ್ರಿಗೂ ಸೇರಿ ಒಂದೇ ಮೆಮೊ ಬರೀರಿ, ನನ್ನೆಸ್ರು ಮೊದ್ಲು."

ಕೂಗು ಕೇಳಿ ಸೇರಿದ್ದ ಗುಮಾಸ್ತರ ಕೈಗಳು ಒಂದೊಂದಾಗಿ ಮೇಲೆದ್ದವು. ಕೊನೆಗೆ ಪೆನ್ನು ಹಿಡಿದಿದ್ದ ಕೈಯೂ! "ನಾನ್ ಹಾಳ್ಮಾಡಿದ್ ಹಾಳೆನೆಲ್ಲ ಬೀರು ಹಿಂದೆ ತುರುಕಿದೀನಿ ಸಾರ್" ಎಂದರು ಸೂಪರಿಂಟೆಂಡೆಂಟರು, ಮುಖ ಕೆಂಪಗೆ.

"ಹೆಂಗ್ ನಿಲ್ಸಿದ್ರಿ?" ಉಪಕುಲಸಚಿವರು ಕೇಳಿದರು.

"ಕರೆಂಟ್ ಹೋಯ್ತಲ್ಲ ಸಾರ್."

"ನನ್ನ ಕಾಪಾಡಿದ್ದೂ ಅದೇ ಕಣ್ರೀ!"

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪ್ರಿಂಟರು ಮಾತ್ರ ನಿಂತಿರಲಿಲ್ಲ. "ಹೋದ್ ಹಾಳೆ ಹೋಯ್ತು. ಸ್ವಿಚ್ ಆರಿಸ್ಬೇಡಿ, ಸರಿಯಾಗಿ ನಿಲ್ಸೋದ್ ಕಲಿಯನ" ಎಂದು ಉಪಕುಲಸಚಿವರು ಅಂಗಿಯ ತೋಳು ಮಡಚಿದರು. ಸೂಪರಿಂಟೆಂಡೆಂಟರು ಪೆನ್ನು ಜೇಬಿಗೆ ಸಿಕ್ಕಿಸಿ, ನನ್ನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡರು. "ಈಗೇನ್ ಒತ್ತಬೇಕಮ್ಮ?"

"ಗೊತ್ತಿಲ್ಲ ಸಾರ್" ಎಂದೆ. ಕೆಲಸಕ್ಕೆ ಸೇರಿದ ಮೇಲೆ ಆ ಮಾತನ್ನು ನಾನು ಗಟ್ಟಿಯಾಗಿ ಆಡಿದ್ದು ಅದೇ ಮೊದಲು.